ಅಧ್ಯಕ್ಷರ ಕಾರ್ಡಿನ ಅಳತೆ

ವರ್ತಕರ ಸಂಘದ ಅಧ್ಯಕ್ಷರಾಗಿ ಆರಿಸಿಬಂದ ಮರುದಿನವೇ ಪಂಪಣ್ಣನವರು ವಿಸಿಟಿಂಗ್ ಕಾರ್ಡು ಮಾಡಿಸಲು ಮುದ್ರಣಾಲಯದ ಮೆಟ್ಟಿಲು ಹತ್ತಿದರು.

“ಎಲ್ಲರ ಕಾರ್ಡೂ ಮೂರೂವರೆ ಇಂಚು ಉದ್ದ, ಎರಡು ಇಂಚು ಅಗಲ ಸಾರ್,” ಎಂದಳು ಕಂಪ್ಯೂಟರಿನ ಮುಂದಿದ್ದ ಕುಸುಮಾ.

“ನಾನು ಎಲ್ಲರಂಥವನೇನಮ್ಮಾ? ಆರು ಇಂಚು ಉದ್ದ, ನಾಲ್ಕು ಇಂಚು ಅಗಲ ಮಾಡು. ನಟ್ಟನಡುವೆ ನನ್ನ ಫೋಟೋ. ಮಂತ್ರಿಗಳ ಕಾರ್ಡಿಗಿಂತ ದೊಡ್ಡದಿರಬೇಕು.”

ಮಾಲೀಕರು ಅವಳ ಕಿವಿಯಲ್ಲಿ ಉಸುರಿದರು: “ಇವರು ಮುನಿಸಿಕೊಂಡು ಹೋದರೆ ನಾಳೆಯಿಂದ ನೀನು ಬರಬೇಡ. ಅಚ್ಚಾದ ಮೇಲೆ ಸರಿಯಿಲ್ಲವೆಂದು ಹಿಂದಿರುಗಿಸಿದರೂ ಬರಬೇಡ.”

ಅಧ್ಯಕ್ಷರು ಹೇಳಿದ ಅಳತೆಗೇ ಕುಸುಮಾ ಒಂದು ಮಾದರಿ ತೆಗೆದು, ಅಂಚು ಕತ್ತರಿಸಿ ತಂದಳು.

“ಮಂತ್ರಿಗಳ ಕಾರ್ಡು ತಮ್ಮಲ್ಲಿ ಇದ್ದೇ ಇರುತ್ತದೆ ಸಾರ್. ಪಕ್ಕದಲ್ಲಿಟ್ಟು ನೋಡೋಣ.”

ಅಧ್ಯಕ್ಷರು ಹೆಮ್ಮೆಯಿಂದ ಪರ್ಸಿನೊಳಗಿಂದ ಅದನ್ನು ತೆಗೆದಿಟ್ಟರು. ಅವರ ಕಾರ್ಡಿನ ಮುಂದೆ ಅದು ಕೂಸಿನಂತೆ ಕಂಡಿತು. ಮೀಸೆ ಅರಳಿತು.

“ಈಗ ಎರಡನ್ನೂ ಪರ್ಸಿಗೆ ಹಾಕಿಕೊಳ್ಳಿ ಸಾರ್.”

ಮಂತ್ರಿಗಳದು ಸರಕ್ಕನೆ ಒಳಗೆ ಹೋಯಿತು. ಅಧ್ಯಕ್ಷರದು ಹೋಗಲಿಲ್ಲ. ಉದ್ದಕ್ಕೆ ತುರುಕಿದರು, ಅಡ್ಡಕ್ಕೆ ತುರುಕಿದರು. ಕೊನೆಗೆ ತಮ್ಮ ಕೈಯಾರೆ ಮಡಚಿದರು. ಮಡಿಕೆ ನೆಟ್ಟಗೆ ಫೋಟೋದ ಮೂಗಿನ ಮೇಲೆಯೇ ಹಾದುಹೋಯಿತು.

“ಮಂತ್ರಿಗಳ ಪರ್ಸೂ ಇಷ್ಟೇ ಇರಬಹುದು ಸಾರ್,” ಎಂದಳು ಕುಸುಮಾ, ಬಹು ವಿನಯದಿಂದ.

ಅಧ್ಯಕ್ಷರು ಕೆಮ್ಮಿ ಮಾಲೀಕರತ್ತ ತಿರುಗಿದರು. “ಮೂರೂವರೆ ಇಂಚೇ ಇರಲಿ. ಇದನ್ನೂ ನಾನೇ ಬಂದು ಹೇಳಬೇಕಾಯಿತು ನೋಡಿ! ಈಕೆಗೆ ಸ್ವಲ್ಪ ಅಳತೆ ಕಲಿಸಿ.”

“ಕಲಿತೆ ಸಾರ್,” ಎಂದ ಕುಸುಮಾ ಆ ಮಡಚಿದ ಕಾರ್ಡನ್ನು ಮೇಜಿನ ಗಾಜಿನಡಿ ಇರಿಸಿದಳು, ಮುಂದೆ ಬರುವ ಅಧ್ಯಕ್ಷರಿಗೂ ಬೇಕಾದೀತೆಂದು.