ಕೂಗಳತೆ

"ಗುರುಗಳೇ, ಜ್ಯೋತಿರ್ವರ್ಷ ಎಂದರೆ ದೂರ. ದೂರಕ್ಕೆ ವರ್ಷ ಎಂದು ಹೆಸರಿಟ್ಟದ್ದು ಯಾಕೆ? ಮಕ್ಕಳು ನಗುತ್ತಾರೆ."

ಕೇಳಿದವನು ರೇವಣ್ಣ. ಮಠದ ಶಾಲೆಯಲ್ಲಿ ಆಕಾಶದ ಪಾಠ ಹೇಳುತ್ತಿದ್ದವನು ಅವನೇ. ಗ್ರಹ, ಉಪಗ್ರಹ, ಕಕ್ಷೆ, ಎಲ್ಲವನ್ನೂ ಮಕ್ಕಳು ಚೆನ್ನಾಗಿ ಒಪ್ಪಿಸುತ್ತಿದ್ದರು. ಬೆಳಕು ಒಂದು ವರ್ಷದಲ್ಲಿ ಓಡುವ ದೂರವೇ ಒಂದು ಜ್ಯೋತಿರ್ವರ್ಷ ಎಂದಾಗ ಮಾತ್ರ ಒಬ್ಬಳು ಎದ್ದು, ಹಾಗಾದರೆ ನಮ್ಮೂರಿಂದ ಪೇಟೆಗೆ ಎಷ್ಟು ವರ್ಷ ಎಂದು ಕೇಳಿದ್ದಳು.

ರೇವಣ್ಣ ಪುಸ್ತಕವನ್ನು ಗುರುವಿನ ಮುಂದೆ ತೆರೆದಿಟ್ಟ. ಹಾಳೆಯ ಗುರುತಿಗೆ ಅದರಲ್ಲಿ ಅವನ ತಂಗಿ ನೀಲವ್ವನ ಕಾಗದವಿತ್ತು. ಚೆನ್ನಾಗಿದ್ದೇನೆ, ಬಿಡುವಾದಾಗ ಒಮ್ಮೆ ಬಾ ಎಂದು ಬರೆದಿದ್ದಳು. ಅವನಿಗೆ ಬಿಡುವಾಗಿರಲಿಲ್ಲ.

ಗುರು ಹೇಳತೊಡಗಿದರು.

ಒಬ್ಬಳು ತಾಯಿ ಇದ್ದಳು. ಮಗಳನ್ನು ಗುಡ್ಡದ ಆಚೆಗೆ ಕೊಟ್ಟಳು. ಅಷ್ಟು ದೂರವೇ ಎಂದು ಕೇಳಿದವರಿಗೆಲ್ಲ, ಕೂಗಳತೆ ಅಷ್ಟೆ ಎಂದಳು. ಅದು ಪೂರ್ತಿ ಸುಳ್ಳಾಗಿರಲಿಲ್ಲ. ಎರಡೂ ಊರುಗಳ ನಡುವೆ ಜೋಳದ ಹೊಲಗಳಿದ್ದವು, ಹಕ್ಕಿ ಕಾಯುವ ಒಂಬತ್ತು ಅಟ್ಟಗಳಿದ್ದವು. ಒಂದು ಅಟ್ಟದವನು ಕೂಗಿದ್ದನ್ನು ಮುಂದಿನ ಅಟ್ಟದವನು ದಾಟಿಸುತ್ತಿದ್ದ. ಆದರೆ ಒಬ್ಬ ಉಂಡು ಕೈತೊಳೆದ ಮೇಲೆ ದಾಟಿಸುತ್ತಿದ್ದ, ಇನ್ನೊಬ್ಬ ಬೀಡಿ ಆರಿದ ಮೇಲೆ.

ಮಗಳ ಎರಡನೆಯ ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಆಮೇಲೆ ಜ್ವರ ಹಿಡಿಯಿತು. ಬೆಳಗಾಗುತ್ತಲೇ ಅವಳು ಗೋಡೆ ಹಿಡಿದು ಜಗಲಿಗೆ ಬಂದು, "ಅವ್ವಾ, ಇದ್ದೀನಿ" ಎಂದು ಕೂಗುತ್ತಿದ್ದಳು. ತಾಯಿ ಅದನ್ನು ದೀಪ ಹಚ್ಚುವ ಹೊತ್ತಿಗೆ, ಕೊನೆಯ ಅಟ್ಟದ ಮುದುಕನ ಬಾಯಲ್ಲಿ ಕೇಳುತ್ತಿದ್ದಳು. ಅವಳ ಪಾಲಿಗೆ ಅದು ಆಗ ತಾನೆ ಆಡಿದ ಮಾತು. ಸಮಾಧಾನದಿಂದ ಎಮ್ಮೆ ಕರೆಯಲು ಹೋಗುತ್ತಿದ್ದಳು.

ಪಕ್ಕದ ಮನೆಯವಳು ಸುಮ್ಮನಿರಲಿಲ್ಲ. "ಮುದುಕನ ಕೆಮ್ಮನ್ನೇ ಮಗಳ ದನಿ ಅಂದುಕೊಂಡು ಕೂತಿದ್ದೀಯಲ್ಲೇ. ನಿನ್ನ ಎಮ್ಮೆ ನಾನು ಕರೀತೀನಿ. ಎದ್ದು ಹೋಗು."

ಆ ಮಾತು ಚುಚ್ಚಿತು. ಮಧ್ಯಾಹ್ನ ಕಳೆಯುತ್ತಲೇ ತಾಯಿ ಮೆಣಸು, ಶುಂಠಿ, ಹಳೆಯ ಸೀರೆಯ ನಾಲ್ಕು ಮೆತ್ತನೆ ತುಂಡುಗಳನ್ನು ಗಂಟು ಕಟ್ಟಿಕೊಂಡು ಹೊರಟಳು. ಮೊದಲ ಅಟ್ಟ ದಾಟಿದಳು, ಎರಡನೆಯದನ್ನೂ ದಾಟಿದಳು. ಮೂರನೆಯ ಅಟ್ಟದ ಕೆಳಗೆ ಬಂದಾಗ ಮೇಲಿದ್ದವನು ಬಾಯಿಗೆ ಕೈ ಅಡ್ಡ ಹಿಡಿದು, ಅವಳು ಬಂದ ದಿಕ್ಕಿಗೇ ಕೂಗಿದ.

"ಅವ್ವಾ, ಇದ್ದೀನಿ."

ತಾಯಿ ನಿಂತಳು. ಅದು ಯಾವಾಗಿನ ಮಾತು ಎಂದು ಕೇಳಿದಳು.

"ನನಗೆ ಈಗ ತಾನೆ ಬಂತು" ಎಂದ ಅವನು. ಅವನು ಹೇಳಿದ್ದು ನಿಜ.

ಬಾಣಂತಿಯ ಮನೆಗೆ ಕರೆಯದೆ ಹೋಗಿ ಬೀಗಿತ್ತಿಯ ಬಾಯಿಗೆ ಯಾಕೆ ಬೀಳಬೇಕು ಎಂದುಕೊಂಡಳು ತಾಯಿ. ಮಗಳು ಇದ್ದೀನಿ ಎಂದು ಹೇಳಿ ಆಗಿದೆ. ನಾಳೆ ಎಮ್ಮೆಯ ಹಾಲು ಕರೆದು, ಅದನ್ನೂ ತೆಗೆದುಕೊಂಡು ಹೋದರಾಯಿತು. ಗಂಟನ್ನು ಕಂಕುಳಿಗೆ ಸೇರಿಸಿ ಹಿಂದಕ್ಕೆ ತಿರುಗಿದಳು.

ಬೆಳಗ್ಗೆ ಆ ಮಾತು ಕೂಗಿ ಒಳಗೆ ಹೋದ ಮಗಳು, ಹೊತ್ತು ನೆತ್ತಿಗೇರುವ ಮೊದಲೇ ತೀರಿಕೊಂಡಿದ್ದಳು. ಆ ಮನೆಯವರು ಅಟ್ಟಕ್ಕೆ ಸುದ್ದಿ ಮುಟ್ಟಿಸುವಷ್ಟರಲ್ಲಿ ಹೊತ್ತು ವಾಲಿತ್ತು. ಹಿಂದಿರುಗುತ್ತಿದ್ದ ತಾಯಿಯ ಬೆನ್ನ ಹಿಂದೆಯೇ ಇನ್ನೊಂದು ಕೂಗು ಬರುತ್ತಿತ್ತು. ಅದಕ್ಕೆ ಯಾರೂ ಊಟ ಮುಗಿಯಲಿ ಎಂದು ಕಾಯಲಿಲ್ಲ, ಬೀಡಿ ಆರಲಿ ಎಂದು ಕೂರಲಿಲ್ಲ. ಆದರೂ ಅದು ಅವಳಿಗಿಂತ ಹಿಂದೆಯೇ ಉಳಿಯಿತು.

ತಾಯಿ ಮನೆ ತಲುಪಿ ದೀಪ ಹಚ್ಚಿದಳು. ಆ ಸಂಜೆ ಮುದುಕ ಕೂಗಲಿಲ್ಲ. ಅಟ್ಟದಿಂದ ಇಳಿದು, ನಡೆದುಕೊಂಡು ಬಂದ.

ಗುರು ಕತೆ ನಿಲ್ಲಿಸಿದರು. ರೇವಣ್ಣ, "ಅಟ್ಟದವರು ಸೋಮಾರಿಗಳು ಗುರುಗಳೇ. ಬೆಳಕು ಎಲ್ಲೂ ಬೀಡಿ ಸೇದುತ್ತಾ ಕೂರುವುದಿಲ್ಲವಲ್ಲ" ಎಂದ.

"ಕೂರುವುದಿಲ್ಲ. ಅದಕ್ಕಿಂತ ಜೋರಾಗಿ ಓಡುವುದು ಯಾವುದೂ ಇಲ್ಲ. ಅದು ಕೂಡ ವರ್ಷಗಟ್ಟಲೆ ತಡವಾಗಿಯೇ ಬರುತ್ತದೆ."

ಅದು ನಕ್ಷತ್ರಗಳ ಮಾತಾಯಿತು ಎಂದ ರೇವಣ್ಣ.

ಗುರು ಪುಸ್ತಕದಿಂದ ನೀಲವ್ವನ ಕಾಗದವನ್ನು ತೆಗೆದು ಅವನ ಕೈಗೆ ಕೊಟ್ಟರು.

"ಇದರ ಮೇಲಿರುವ ತಾರೀಖು ಓದು."