ನೆನಪಿನ ಕಲ್ಲಿಗೆ ಹೊದಿಸಿದ ಶಾಲು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳಿಗೆ ತಮ್ಮ ಎತ್ತರ ಎಷ್ಟೆಂದು ಗೊತ್ತಿರಲಿಲ್ಲ. ಇರುವೆಗಳಿಗೆ ಸಾಲು ಕಟ್ಟಲು ಬರುತ್ತಿರಲಿಲ್ಲ. ದಾರಿ ತಪ್ಪಿದವರೆಲ್ಲ ಬಯಲ ನಡುವೆ ಕೂತಿದ್ದ ಒಂದು ಕರಿಕಲ್ಲಿನ ಹತ್ತಿರ ಬರುತ್ತಿದ್ದರು. ಅದಕ್ಕೆ ನೆನಪಿನ ಕಲ್ಲು ಎಂದು ಹೆಸರು. ಏನು ಕೇಳಿದರೂ ಯೋಚಿಸಿ ಯೋಚಿಸಿ ಹೇಳುತ್ತಿತ್ತು.

ಆದರೆ ಯೋಚಿಸಿದಷ್ಟೂ ಕಲ್ಲು ಬಿಸಿಯೇರಿ ಕಾಯುತ್ತಿತ್ತು. ಕಾದಷ್ಟೂ ಮರೆಯುತ್ತಿತ್ತು. ಒಮ್ಮೆ ಕೊಕ್ಕರೆ ಕೆರೆಯ ದಾರಿ ಕೇಳಿದರೆ ಗುಬ್ಬಿಯ ಗೂಡಿನ ದಾರಿ ಹೇಳಿಬಿಟ್ಟಿತು. ಪಾಪ, ಆ ಗೂಡಿನಲ್ಲಿ ಕೊಕ್ಕರೆಯ ಒಂದು ಕಾಲೂ ಹಿಡಿಸಲಿಲ್ಲ.

ಆಗ ಗಾಳಿಯಪ್ಪ ತನ್ನ ಕಿರಿಮಗಳು ಸುಳಿಯನ್ನು ಕಳಿಸಿದ. ಏಳು ರೆಕ್ಕೆಯ ಹುಡುಗಿ. ಅಕ್ಕಂದಿರು ಮರ ಅಲ್ಲಾಡಿಸುತ್ತ, ಮೋಡ ಅಟ್ಟುತ್ತ ಊರೂರು ಅಲೆಯುತ್ತಿದ್ದರು. ಇವಳಿಗೆ ನಿಂತಲ್ಲೇ ತಿರುಗುವುದೊಂದೇ ಗೊತ್ತು.

"ನಿಂತಲ್ಲೇ ತಿರುಗೋದು, ಅದೂ ಒಂದು ಕೆಲಸೇನು?" ಎಂದು ಅಕ್ಕಂದಿರು ಆಡಿಕೊಂಡರು.

ಸುಳಿ ನೆಟ್ಟಗೆ ಬಯಲಿಗೆ ಬಂದಳು. ಕಲ್ಲಿನ ಬೆನ್ನಿನಲ್ಲಿದ್ದ ಪೊಟರೆಯೊಳಗೆ ಹೊಕ್ಕಳು. ಅಲ್ಲಿದ್ದ, ಎಣ್ಣೆ ಸವರಿದ ಸಣ್ಣ ಗೂಟಕ್ಕೆ ಸೊಂಟ ಕೊಟ್ಟು ಗಿರಗಿರ ತಿರುಗಿದಳು. ಒಳಗಿನ ಬಿಸಿ ಹೊರಗೆ ಹೋಯಿತು, ಹೊರಗಿನ ತಂಪು ಒಳಗೆ ಬಂತು. ಕಲ್ಲಿಗೆ ಎಲ್ಲ ನೆನಪಾಯಿತು. ಕೊಕ್ಕರೆಗೆ ಕೆರೆ ಸಿಕ್ಕಿತು. ಸುಳಿಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅವತ್ತಿಡೀ ದಿನ ಅವಳು ನಿಲ್ಲಲೇ ಇಲ್ಲ.

ಒಂದು ದಿನ ನೆಲದ ಧೂಳು ಬಂದು ಕೇಳಿತು. "ಅಕ್ಕಾ, ನನಗ ಕಾಲಿಲ್ಲ. ನಿನ್ನ ರೆಕ್ಕಿ ಮ್ಯಾಲೆ ಕೂಡಲೇನು?"

"ನೀ ಒಂದು ಭಾರೇನು? ಕೂಡು. ಯಾವಾಗ ಬಂದ್ರೂ ಜಾಗಾ ಕೊಡ್ತೀನಿ, ಇದು ನನ್ನ ಮಾತು" ಎಂದಳು ಸುಳಿ, ಜಂಬದಿಂದ.

ಧೂಳು ಕೂತಿತು. ಮರುದಿನ ಅದರ ತಮ್ಮ ಬಂದ. ಆಮೇಲೆ ನೆಂಟರಿಷ್ಟರೆಲ್ಲ ಬಂದರು. ಬಂದವರು ಒಬ್ಬರೂ ಇಳಿಯಲಿಲ್ಲ. ರೆಕ್ಕೆ ಭಾರವಾಯಿತು. ಸೊಂಟದಲ್ಲಿದ್ದ ಎಣ್ಣೆಯನ್ನೂ ಧೂಳು ಹೀರಿಕೊಂಡಿತು. ಸುಳಿಯ ಸೊಂಟ ಗುರ್‌ರ್ ಎಂದು ನರಳಿತು.

"ಏನಾತು ತಂಗಿ?" ಎಂದಿತು ಕಲ್ಲು.

"ಏನೂ ಇಲ್ಲಣ್ಣ."

ಅಕ್ಕಂದಿರ ಕಿವಿಗೆ ಬಿದ್ದರೆ ಮತ್ತೆ ಆಡಿಕೊಳ್ಳುತ್ತಾರಲ್ಲ! ಸುಳಿ ಹಲ್ಲು ಕಚ್ಚಿಕೊಂಡು ತಿರುಗಿದಳು.

ಬಯಲಿನ ಜನಕ್ಕೆ ಕಲ್ಲಿನ ಮೇಲೆ ಬಲು ಅಭಿಮಾನ. "ಇಷ್ಟು ಮಂದಿಗೆ ದಾರಿ ತೋರಿಸಿದಾಂವಗ ಒಂದು ಶಾಲು ಹೊದಿಸಲಿಲ್ಲಂದ್ರ ನಾವೆಂಥಾ ಮಂದಿ?" ಎಂದ ಊರ ಹಿರಿಯ ಬರಮಣ್ಣ. ಎಲ್ಲರೂ ಸೇರಿ ದಪ್ಪನೆಯ ಉಣ್ಣೆ ಶಾಲು ನೇಯಿಸಿದರು. ಹೊಸ ಕಟ್ಟೆ ಕಟ್ಟಿ, ಕಲ್ಲನ್ನು ಗೋಡೆಗೆ ಒತ್ತಿ ಕೂರಿಸಿದರು. ಶಾಲು ಹೊದಿಸಿದರು, ಹಾರ ಹಾಕಿದರು, ಚಪ್ಪಾಳೆ ತಟ್ಟಿದರು. ಪೊಟರೆಯ ಬಾಯಿ ಮುಚ್ಚಿಹೋಯಿತು. ಸನ್ಮಾನದ ನಡುವೆ ಉಸಿರು ಕಟ್ಟುತ್ತಿದೆ ಎಂದು ಹೇಳುವುದಾದರೂ ಹೇಗೆ? ಸುಳಿ ಶಾಲಿನ ಕತ್ತಲಲ್ಲೇ ತಿರುಗಿದಳು.

ಅದೇ ಹೊತ್ತಿಗೆ ಆಗತಾನೆ ಹುಟ್ಟಿದ ನದಿಯೊಂದು ದಿಬ್ಬದ ಮೇಲೆ ಬಂತು. ಎಡಕ್ಕೆ ಇಳಿದರೆ ಸಮುದ್ರ, ಬಲಕ್ಕೆ ಇಳಿದರೆ ಊರು.

"ಕಲ್ಲಣ್ಣಾ, ಸಮುದ್ರ ಯಾ ಕಡೆ ಐತಿ? ಲಗೂನ ಹೇಳು, ನನಗ ನಿಲ್ಲಾಕ ಬರಂಗಿಲ್ಲ!"

"ಬಲಕ್ಕ... ಅಲ್ಲಲ್ಲ..." ಎಂದಿತು ಕಲ್ಲು. ಕಾದ ಕಲ್ಲಿಗೆ ಮುಂದೆ ಮಾತೇ ಹೊರಡಲಿಲ್ಲ. ಶಾಲಿನೊಳಗೆ ಸುಳಿ ಗುರ್‌ರ್ ಎಂದು ನಿಂತೇಬಿಟ್ಟಳು. ಊರಿನ ತೊಟ್ಟಿಲುಗಳಲ್ಲಿ ಕೂಸುಗಳು ಮಲಗಿದ್ದವು.

ಗಾಡಿ ಹೊಡೆಯುವ ಮುದುಕಿ ಹುಲಿಗೆವ್ವ ಜನರ ಹಿಂದೆ ನಿಂತಿದ್ದಳು. ಎಣ್ಣೆ ಒಣಗಿದ ಗಾಲಿಯ ಅಚ್ಚಿನ ನರಳಾಟ ಅವಳಿಗೆ ಗೊತ್ತಾಗದೆ ಇರುತ್ತದೆಯೇ?

"ನಿಲ್ಲಾಕ ಬರದಿದ್ರ ದಿಬ್ಬದ ಮ್ಯಾಲೇ ಮೂರು ಸುತ್ತು ಹಾಕವ್ವಾ!" ಎಂದು ನದಿಗೆ ಕೂಗಿ ಹೇಳಿ, ಗಾಡಿಯ ಎಣ್ಣೆಬುಡ್ಡಿ, ನವಿಲುಗರಿ ಹಿಡಿದು ಓಡಿಬಂದಳು.

ನದಿ ಒಂದು ಸುತ್ತು ಹಾಕಿತು. ಹುಲಿಗೆವ್ವ ಶಾಲು ಕಿತ್ತೆಸೆದು ಕಲ್ಲನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಸರಿಸಿದಳು. "ಅಯ್ಯೋ, ಸನ್ಮಾನದ ಶಾಲು!" ಎಂದ ಬರಮಣ್ಣ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ನದಿ ಎರಡನೇ ಸುತ್ತು ಹಾಕಿತು. ಹುಲಿಗೆವ್ವ ಸುಳಿಯ ರೆಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ಹಿಡಿದಳು. "ಅಳ್ಳಾಡಬ್ಯಾಡ, ಸೊಂಟ ಉಳುಕತೈತಿ." ನವಿಲುಗರಿಯಿಂದ ಒಂದೊಂದೇ ರೆಕ್ಕೆ ಒರೆಸಿದಳು. ಧೂಳಿನ ನೆಂಟರೆಲ್ಲ ಉದುರಿದರು.

"ಭಾರ ಆದ್ರ ಹೇಳಬಾರದೇನವ್ವಾ?"

"ಹೇಳಿದ್ರ ಕೆಲಸಕ್ಕ ಬಾರದಾಕಿ ಅಂತಾರಜ್ಜಿ" ಎಂದಳು ಸುಳಿ. ಅವಳಿಗೆ ಅಳು ಬಂದಿತ್ತು.

"ಹುಚ್ಚಿ! ನನ್ನ ಗಾಡಿ ದಿನಾ ಎಣ್ಣಿ ಕೇಳತೈತಿ. ದುಡಿಯೋ ಗಾಡೀನೇ ಎಣ್ಣಿ ಕೇಳೋದು."

ನದಿ ಮೂರನೇ ಸುತ್ತು ಹಾಕಿತು. ಹುಲಿಗೆವ್ವ ಸೊಂಟದ ಗೂಟಕ್ಕೆ ಒಂದೇ ಒಂದು ತೊಟ್ಟು ಎಣ್ಣೆ ಬಿಟ್ಟಳು. ಹೆಚ್ಚಾದರೆ ಧೂಳು ಅಂಟುತ್ತದೆಂದು ಅವಳಿಗೆ ಗೊತ್ತಿತ್ತು. ಬೆರಳು ತೆಗೆದಳು. ಸುಳಿ ಗಿರ್ರನೆ ತಿರುಗಿದಳು. ಕಲ್ಲು ತಣ್ಣಗಾಯಿತು.

"ಎಡಕ್ಕ ಹೋಗವ್ವಾ, ಎಡಕ್ಕ!"

ನದಿ ಎಡಕ್ಕೆ ಹೊರಳಿ, ನಗುತ್ತ ಸಮುದ್ರದ ಕಡೆ ಓಡಿತು. ತೊಟ್ಟಿಲ ಕೂಸುಗಳಿಗೆ ಎಚ್ಚರವೂ ಆಗಲಿಲ್ಲ. ಮರದ ಮೇಲಿದ್ದ ಅಕ್ಕಂದಿರು ಎಲೆಗಳನ್ನೆಲ್ಲ ಪಟಪಟ ಬಡಿದು, "ಆಕಿ ನಮ್ಮ ತಂಗಿ! ನಮ್ಮ ತಂಗಿ!" ಎಂದು ಊರಿಗೆಲ್ಲ ಸಾರಿದರು.

ಬರಮಣ್ಣ ಶಾಲಿನ ಧೂಳು ಕೊಡವಿ, ಈಗ ಸುಳಿಗೇ ಹೊದಿಸಲು ಬಂದ. ಸುಳಿ ನಕ್ಕಳು. ಈ ಸಲ ಬಾಯಿ ಬಿಟ್ಟೇ ಹೇಳಿದಳು.

"ಶಾಲು ಬ್ಯಾಡಜ್ಜಾ. ಬೆನ್ನ ಹಿಂದ ಒಂದು ಗೇಣು ಜಾಗಾ ಬಿಡ್ರಿ. ಧೂಳಿಗೆ ಮಾತು ಕೊಟ್ಟೀನಿ, ಅದು ಬರೂದ ಐತಿ. ಆಗಾಗ ಇಳಿಸ್ರಿ. ಗುರ್‌ರ್ ಅಂದ್ರ ನಾ ಕರಿಯಾಕ ಹತ್ತೀನಿ ಅಂತ ತಿಳೀರಿ."

ಅದಕ್ಕೇ ಪುಟ್ಟೀ, ನಿಮ್ಮ ಮನೆಯ ಕಂಪ್ಯೂಟರಿನ ಜಾಲರಿಯೊಳಗೆ ಇವತ್ತಿಗೂ ಸುಳಿ ತಿರುಗುತ್ತಾಳೆ, ಧೂಳು ಹತ್ತಿ ಕೂರುತ್ತದೆ. ಅವಳು ಗುರ್‌ರ್ ಎಂದ ದಿನ ಕಂಪ್ಯೂಟರ್ ಆರಿಸು, ಮತ್ತೆ ಮೊಟ್ಟಮೊದಲು ನಿಮ್ಮಮ್ಮ ಅಕ್ಕರೆಯಿಂದ ಅದಕ್ಕೆ ಹೊದಿಸಿರುವ ಆ ಕಸೂತಿ ಬಟ್ಟೆಯನ್ನು ತೆಗೆದುಬಿಡು.