ಮಿಕ್ಕೇಲಪ್ಪನ ಮಗಳಿಗೆ ಹಬ್ಬದ ಗಂಟೆ

ಆ ವರ್ಷ ಪೂಜ್ಯ ಲಾಜರ ಸ್ವಾಮಿಗಳ ಕೋಣೆಯಲ್ಲಿ ಮಂಚವಿರಲಿಲ್ಲ. ಮೊದಲು ಇತ್ತು. ಅರ್ಕಾವತಿಯ ದಡದ ಸೂಸೆಪಾಳ್ಯಕ್ಕೆ ಗುರುಗಳಾಗಿ ಬಂದ ದಿನದಿಂದ ಅವರು ಆ ಹಲಗೆಮಂಚದ ಮೇಲೆಯೇ ಮಲಗುತ್ತಿದ್ದರು. ಮಕ್ಕಳ ಗಂಟಲು ಕಟ್ಟಿ ಉಸಿರು ನಿಲ್ಲಿಸುವ ಜ್ವರ ಊರಿಗೆ ಕಾಲಿಟ್ಟಾಗ ಬಡಗಿಯೇ ಹಾಸಿಗೆ ಹಿಡಿದ. ಮೊದಲ ಮಗುವಿನ ಶವಪೆಟ್ಟಿಗೆಗೆ ಹಲಗೆ ಸಿಗದೆ ಜನ ಕೈಕಟ್ಟಿ ನಿಂತರು. ಸ್ವಾಮಿಗಳು ಮಂಚವನ್ನು ಅಂಗಳಕ್ಕೆ ಎಳೆದು ತಂದು ತಾವೇ ಗರಗಸ ಹಿಡಿದರು. ಮಂಚ ಮುಗಿದ ಮೇಲೆ ಮೇಜು ಹೋಯಿತು, ಮೇಜಿನ ನಂತರ ಕೋಣೆಯ ಬಾಗಿಲು. ಬಾಗಿಲಿದ್ದ ಕಡೆ ಗೋಣಿತಾಟು ತೂಗುಬಿಟ್ಟು, ನೆಲದ ಮೇಲೆ ಚಾಪೆ ಹಾಸಿ ಮಲಗತೊಡಗಿದರು. ಮಹಾತ್ಮರ ತ್ಯಾಗವನ್ನು ಬಾಯ್ತುಂಬ ವರ್ಣಿಸುವವರು ಎಲ್ಲ ಊರಲ್ಲೂ ಇದ್ದಾರೆ. ಸ್ವಾಮಿಗಳಿಗೆ ಅದು ತ್ಯಾಗವೆಂದು ಹೊಳೆದಿತ್ತೋ ಇಲ್ಲವೋ, ಬೆರಳಿಗೆ ಸಿಬಿರು ಚುಚ್ಚಿದ್ದು ಮಾತ್ರ ಎಲ್ಲರಿಗೂ ಕಾಣುತ್ತಿತ್ತು.

ಸೂಸೆಪಾಳ್ಯದ ಕ್ರೈಸ್ತರ ಗುಡಿಗೆ ಎರಡು ಗಂಟೆಗಳು, ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡವರು ತೀರಿಕೊಂಡರೆ ದೊಡ್ಡ ಗಂಟೆ ಮಾತ್ರ ಬಾರಿಸಬೇಕು. ಒಂದು ಪೆಟ್ಟು, ಆಮೇಲೆ ಒಂದು ಪ್ರಾರ್ಥನೆ ಹೇಳಿ ಮುಗಿಸುವಷ್ಟು ಮೌನ, ಮತ್ತೆ ಒಂದು ಪೆಟ್ಟು. ಇದು ಸಾವಿನ ಗಂಟೆ. ಹೋದ ಆತ್ಮದ ಪಾಪಗಳು ಕಳೆಯಲಿ ಎಂದು ಊರೆಲ್ಲ ಬೇಡಿಕೊಳ್ಳಲು ಅದು ಕರೆ. ಆದರೆ ಪಾಪ ತೊಳೆಯುವ ಜ್ಞಾನಸ್ನಾನ ಪಡೆದ ಎಳೆಯ ಮಗು ತೀರಿಕೊಂಡರೆ ಆ ಗಂಟೆ ಬಾರಿಸುವಂತಿಲ್ಲ. ಪಾಪವನ್ನೇ ಅರಿಯದ ಮಗುವಿಗೆ ಯಾರು ಏನು ಬೇಡಿಕೊಳ್ಳುವುದು? ಅಂದು, ಕ್ರಿಸ್ತ ಸತ್ತು ಎದ್ದ ಪಾಸ್ಕ ಹಬ್ಬದ ಬೆಳಗಿನಂತೆ, ಎರಡೂ ಗಂಟೆಗಳನ್ನು ಒಟ್ಟಿಗೆ ಬಾರಿಸುತ್ತಾರೆ. ಗುರುಗಳು ಕಪ್ಪು ವಸ್ತ್ರ ಬಿಟ್ಟು ಬಿಳಿಯದನ್ನು ತೊಡುತ್ತಾರೆ. ಮಣ್ಣು ಕೊಡುವಾಗ ಹಾಡುವುದು ಸ್ತುತಿಗೀತೆ. ಹೊರಗಿನವರು ನೋಡಿದರೆ ಇವರಿಗೇನು ಬುದ್ಧಿಭ್ರಮಣೆಯೇ ಎಂದಾರು. ಅದು ಹಿಂದಿನಿಂದ ಬಂದ ಸಂಪ್ರದಾಯ, ಸೂಸೆಪಾಳ್ಯದವರು ಅದನ್ನು ತಪ್ಪಿಸಿದವರಲ್ಲ.

ಈ ಗಂಟೆಗಳ ಹಗ್ಗ ಇಪ್ಪತ್ತು ವರ್ಷದಿಂದ ಮಿಕ್ಕೇಲಪ್ಪನ ಕೈಯಲ್ಲಿತ್ತು. ಎರಡು ಕೈಯಲ್ಲಿ ಎರಡು ಹಗ್ಗ ಹಿಡಿದು, ದೊಡ್ಡದರ ಬೆನ್ನಿಗೇ ಚಿಕ್ಕದನ್ನು ಕುಣಿಸುವ ಅವನ ಕೈಚಳಕ ಆಚೆ ದಡದ ಊರುಗಳಲ್ಲೂ ಹೆಸರಾಗಿತ್ತು. ಆ ಹೆಸರು ಅವನಿಗೂ ಗೊತ್ತಿತ್ತು, ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು. ಆ ಜ್ವರದಲ್ಲಿ ಒಂದರ ಹಿಂದೆ ಒಂದರಂತೆ ಆರು ಮಕ್ಕಳು ಹೋದವು. ಆರಕ್ಕೂ ಅವನು ಒಂದು ಪೆಟ್ಟೂ ತಪ್ಪದಂತೆ ಹಬ್ಬದ ಗಂಟೆ ಬಾರಿಸಿದ. ವಿಧವೆ ಸೆಸಿಲಿಯಮ್ಮನ ಒಬ್ಬನೇ ಮಗ ಹೋದ ದಿನ ಅವಳು ಗಂಟೆಗೋಪುರದ ಬಾಗಿಲಿಗೆ ಬಂದು, "ಇವತ್ತೊಂದಿನ ನಿಲ್ಸು ಮಿಕ್ಕೇಲಣ್ಣ, ಕೇಳಕ್ಕಾಗ್ತಿಲ್ಲ" ಎಂದು ಅತ್ತಳು.

ಮಿಕ್ಕೇಲಪ್ಪ ಹಗ್ಗ ಬಿಡಲಿಲ್ಲ. "ಅಳಬಾರದು ಕಣಮ್ಮ. ನಿನ್ನ ಮಗ ದೇವದೂತ ಆದ. ದೇವರಿಗೆ ಸ್ತೋತ್ರ ಹೇಳು" ಎಂದ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಊರವರ ಕಷ್ಟಕ್ಕೆ ಉಪದೇಶ ಹೇಳುವಾಗ ನಾಲಿಗೆ ಎಷ್ಟು ಸರಾಗವಾಗಿ ಓಡುತ್ತದೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ.

ಏಳನೆಯದು ಅವನ ಮಗಳು ಆಗ್ನೇಸಿ. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹುಟ್ಟಿದ ಕೂಸು, ಮೂರು ತುಂಬಿ ನಾಲ್ಕಕ್ಕೆ ಬಿದ್ದಿತ್ತು. ನಾಲ್ಕು ದಿನ ಜ್ವರ ಕಾಯಿತು. ನಾಲ್ಕು ದಿನವೂ ಮಿಕ್ಕೇಲಪ್ಪ ದೇವರಿಗೆ ಹೇಳಿದ್ದು ಒಂದೇ ಮಾತು: ಇಪ್ಪತ್ತು ವರ್ಷ ನಿನ್ನ ಗಂಟೆ ಬಾರಿಸಿದ್ದೇನೆ, ಇದೊಂದನ್ನು ನನಗೆ ಬಿಡು. ಐದನೆಯ ದಿನ, ಹೊತ್ತು ಮಾರುದ್ದ ಏರಿದಾಗ, ಮಗು ಅಮ್ಮನ ತೊಡೆಯ ಮೇಲೆ ಕಣ್ಣು ಬಿಟ್ಟುಕೊಂಡೇ ಉಸಿರು ನಿಲ್ಲಿಸಿತು.

ಅವನು ಅಳಲಿಲ್ಲ. ಎದ್ದು, ಹೆಂಡತಿ ಲೂರ್ದಮ್ಮನ ಕಡೆ ತಿರುಗಿಯೂ ನೋಡದೆ, ನೇರವಾಗಿ ಗೋಪುರಕ್ಕೆ ಹೋದ. ಚಿಕ್ಕ ಗಂಟೆಯ ಹಗ್ಗವನ್ನು ಗೂಟಕ್ಕೆ ಸುತ್ತಿ ಬಿಗಿದ. ದೊಡ್ಡ ಗಂಟೆಯ ಹಗ್ಗ ಹಿಡಿದು ಒಂದು ಪೆಟ್ಟು ಹೊಡೆದ, ಬಿಟ್ಟ. ಮತ್ತೆ ಒಂದು ಪೆಟ್ಟು.

ಹೊಲದಲ್ಲಿದ್ದವರು ಕೆಲಸ ನಿಲ್ಲಿಸಿ ಟೋಪಿ, ರುಮಾಲು ತೆಗೆದರು. ಯಾವ ಮುದುಕರು ಹೋದರೆಂದು ಒಬ್ಬರನ್ನೊಬ್ಬರು ಕೇಳಿದರು. ಹೋದದ್ದು ಮೂರು ವರ್ಷದ ಮಗುವೆಂದು ತಿಳಿದಾಗ ಅವರ ಮೈ ಜುಮ್ಮೆಂದಿತು. ಜ್ಞಾನಸ್ನಾನವಾದ ಮಗುವಿಗೆ ಸಾವಿನ ಗಂಟೆ ಎಂದರೆ, ಆ ಮಗು ದೇವರ ಬಳಿ ಇಲ್ಲವೆಂದು ಊರಿಗೆಲ್ಲ ಸಾರಿದಂತೆ. ಅದನ್ನು ಹೆತ್ತ ತಂದೆಯೇ ಸಾರಿದ್ದ.

ಮಿಕ್ಕೇಲಪ್ಪ ಮನೆಗೆ ಹಿಂದಿರುಗಿದಾಗ ಲೂರ್ದಮ್ಮ ಮಗುವಿನ ತಲೆ ಬಾಚುತ್ತಿದ್ದಳು. ಬಾಚಣಿಗೆ ನಿಲ್ಲಿಸಿ ಒಂದೇ ಮಾತು ಕೇಳಿದಳು.

"ನನ್ನ ಮಗೂಗೆ ಯಾವ ಪಾಪ ಇತ್ತು ಅಂತ ಆ ಗಂಟೆ ಹೊಡೆದಿದ್ದು?"

ಅವನು ದೇವರಿಗೆ ತಾಗಲಿ ಎಂದು ಎಸೆದ ಕಲ್ಲು ಹೆಂಡತಿಯ ಎದೆಗೆ ಬಿದ್ದಿತ್ತು. ಹೊಸ್ತಿಲಲ್ಲೇ ನಿಂತು, ಬಂದ ದಾರಿಯಲ್ಲೇ ಹಿಂದಿರುಗಿದ.

ಅಷ್ಟು ಹೊತ್ತಿಗೆ ಗುಡಿಯ ಹಿರಿಯ ದೇವಸಹಾಯಪ್ಪ ಸ್ವಾಮಿಗಳ ಅಂಗಳ ಸೇರಿದ್ದ. ಊರಿನಲ್ಲಿ ಒಂದು ಸಣ್ಣ ತಪ್ಪು ನಡೆದರೂ ಮೊದಲು ಅವನ ಮೂಗಿಗೇ ವಾಸನೆ ಬರುತ್ತಿತ್ತು. "ಅವನಿಗೆ ದಂಡನೆ ಆಗ್ಲೇಬೇಕು ಸ್ವಾಮಿ. ಇವತ್ತು ಬಿಟ್ರೆ ನಾಳೆ ಗುಡಿ ಮರ್ಯಾದೆ ಉಳಿಯಾಕಿಲ್ಲ" ಎಂದು ಅವನು ಹೇಳುತ್ತಿದ್ದ. ಸ್ವಾಮಿಗಳು ಮಂಡಿಯೂರಿ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದರು. ತಲೆಯೆತ್ತಿ ಮಿಕ್ಕೇಲಪ್ಪ ಬರುವುದನ್ನು ನೋಡಿದರು. ದೇವಸಹಾಯಪ್ಪನಿಗೆ ಕೈಸನ್ನೆಯಲ್ಲೇ ಸುಮ್ಮನಿರಲು ಸೂಚಿಸಿದರು.

ಮಿಕ್ಕೇಲಪ್ಪ ನಮಸ್ಕಾರ ಮಾಡಲಿಲ್ಲ.

"ಆ ಹಬ್ಬದ ಗಂಟೆ ನನ್ನ ಕೈಲಿ ಆಗಾಕಿಲ್ಲ ಸ್ವಾಮಿ. ಯಾಕೆ ಹೊಗಳ್ಬೇಕು ನಾವು ಆ ದೇವ್ರನ್ನ? ಕೊಟ್ರೂ ಸ್ತೋತ್ರ, ಕಿತ್ಕೊಂಡ್ರೂ ಸ್ತೋತ್ರ. ಅಷ್ಟು ಹಸಿವಾ ಅವನಿಗೆ ನಮ್ಮ ಹೊಗಳಿಕೆ ಮೇಲೆ?"

ದೇವಸಹಾಯಪ್ಪ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ. ಸ್ವಾಮಿಗಳು ಉಜ್ಜುಗೊರಡನ್ನು ಕೆಳಗಿಟ್ಟು, ಮಡಿಲಲ್ಲಿ ಬಿದ್ದಿದ್ದ ಹೆರೆಗಳನ್ನು ಕೊಡವಿದರು. ಬಹಳ ಮೆತ್ತಗೆ ಕೇಳಿದರು:

"ಮಗು ಎಷ್ಟು ಉದ್ದ ಇತ್ತಪ್ಪ?"

ಮಿಕ್ಕೇಲಪ್ಪ ಎರಡು ಅಂಗೈಗಳನ್ನು ಎದುರುಬದುರು ಚಾಚಿ ತೋರಿಸಿದ. ಆ ಕೈಗಳ ನಡುವೆ ಏನೂ ಇಲ್ಲದ್ದನ್ನು ಕಂಡಾಗ ಅವನು ಅಲ್ಲೇ ಕುಳಿತುಬಿಟ್ಟ. ಸ್ವಾಮಿಗಳು ಆ ಅಳತೆಗೆ ಹಲಗೆಯ ಮೇಲೆ ಗೆರೆ ಎಳೆದರು. ಗೆರೆ ನೇರವಾಗಿ ಬರಲಿಲ್ಲ, ಅಳಿಸಿ ಮತ್ತೆ ಎಳೆದರು. ಅವರ ಕಣ್ಣೀರು ಗಡ್ಡಕ್ಕಿಳಿಯುವುದನ್ನು ಮಿಕ್ಕೇಲಪ್ಪ ನೋಡಿದ. ಇಪ್ಪತ್ತು ವರ್ಷದಲ್ಲಿ ಗುರುಗಳು ಅತ್ತದ್ದನ್ನು ಅವನು ಕಂಡಿರಲಿಲ್ಲ.

"ಅವನಿಗೆ ಹಸಿವಿಲ್ಲ ಮಿಕ್ಕೇಲು" ಎಂದರು ಸ್ವಾಮಿಗಳು. "ನಾವು ಸುಮ್ಮನಿದ್ದರೆ ಅವನಿಗೇನೂ ಕಡಿಮೆಯಾಗೋದಿಲ್ಲ. ಆದರೆ ಈ ಪೆಟ್ಟಿಗೆ ಮುಚ್ಚಿದ ಮೇಲೆ ನಮ್ಮ ಬಾಯಲ್ಲಿ ಎರಡೇ ಮಾತು ಉಳಿಯುತ್ತೆ. ಮಗು ಮಣ್ಣಿಗೆ ಹೋಯಿತು ಅನ್ನೋದು ಒಂದು. ಸತ್ತು ಎದ್ದವನ ಕೈಗೆ ಹೋಯಿತು ಅನ್ನೋದು ಇನ್ನೊಂದು. ಆ ಎರಡನೆಯ ಮಾತಿಗೇ ಸ್ತೋತ್ರ ಅಂತ ಹೆಸರು."

"ನನಗೆ ಹೇಳಕ್ಕಾಗಲ್ಲ ಸ್ವಾಮಿ."

"ನನಗೂ ಆರು ಸಲವೂ ಹಾಡು ಎತ್ತೋಕಾಗಲಿಲ್ಲ. ಊರು ಹಾಡಿತು, ಅದರ ದನಿ ಹಿಡಿದು ನಾನೂ ಹಾಡಿದೆ. ಇವತ್ತು ನೀನು ಸುಮ್ಮನಿರು. ನಿನ್ನ ಪಾಲಿನದನ್ನು ಬೇರೆಯವರು ಹೇಳಲಿ."

ಇಷ್ಟು ಹೇಳಿ ಸ್ವಾಮಿಗಳು ಗರಗಸ ಎತ್ತಿಕೊಂಡರು. ಮಿಕ್ಕೇಲಪ್ಪ ಹಲಗೆಯ ಇನ್ನೊಂದು ತುದಿಯನ್ನು ಅಲುಗದಂತೆ ಒತ್ತಿ ಹಿಡಿದ.

ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆ ಸಿದ್ಧವಾಯಿತು. ಗುಡಿಯ ಹಿಂದಿನ ಸಮಾಧಿಭೂಮಿಗೆ ಮಗುವನ್ನು ಹೊತ್ತು ತಂದಾಗ ಗಂಟೆಗಳು ಸುಮ್ಮನಿದ್ದವು. ಬಾರಿಸಬೇಕಾದವನೇ ಪೆಟ್ಟಿಗೆ ಹೊತ್ತಿದ್ದಾನೆ. ಯಾರು ಬಾರಿಸಬೇಕೆಂದು ಗಂಡಸರು ಮುಖ ಮುಖ ನೋಡಿಕೊಳ್ಳುತ್ತಿರುವಾಗಲೇ ಗೋಪುರದ ಬಾಗಿಲಲ್ಲಿ ಗದ್ದಲವಾಯಿತು. ಸೆಸಿಲಿಯಮ್ಮ, ಅವಳ ಹಿಂದೆ ಆ ಜ್ವರದಲ್ಲಿ ಮಕ್ಕಳನ್ನು ಕಳೆದುಕೊಂಡ ಇನ್ನೂ ಮೂವರು ಹೆಂಗಸರು. ದೇವಸಹಾಯಪ್ಪ ಬಾಗಿಲಿಗೆ ಅಡ್ಡ ನಿಂತು, ಹೆಂಗಸರು ಹಗ್ಗ ಮುಟ್ಟಿದ್ದು ಮುತ್ತಾತನ ಕಾಲದಿಂದ ಇಲ್ಲವೆಂದು ಕೂಗಾಡುತ್ತಿದ್ದ.

"ದಾರಿ ಬಿಡಿ ದೇವಸಹಾಯಪ್ಪನವರೇ" ಎಂದರು ಸ್ವಾಮಿಗಳು. "ಅವರಿಗಿಂತ ಹಕ್ಕಿರುವವರು ಈ ಊರಲ್ಲಿ ಯಾರಿದ್ದಾರೆ?"

ದೇವಸಹಾಯಪ್ಪ ಪಕ್ಕಕ್ಕೆ ಸರಿದ. ಗಂಟೆಗಳು ಕೂಗತೊಡಗಿದವು.

ಎಂಥ ಬಾರಿಸುವಿಕೆ ಅದು! ದೊಡ್ಡದಕ್ಕೂ ಚಿಕ್ಕದಕ್ಕೂ ಒಂದಕ್ಕೊಂದು ತಾಳವಿಲ್ಲ. ಒಂದು ಮುಗ್ಗರಿಸಿದರೆ ಇನ್ನೊಂದು ಎರಡೆರಡು ಸಲ ಹೊಡೆಯುತ್ತಿತ್ತು. ಬೇರೆ ದಿನವಾಗಿದ್ದರೆ ಮಿಕ್ಕೇಲಪ್ಪ ಕಿವಿ ಮುಚ್ಚಿಕೊಳ್ಳುತ್ತಿದ್ದ. ಇಂದು ಪೆಟ್ಟಿಗೆ ಹೊತ್ತ ಹೆಗಲಿನಲ್ಲೇ ನಿಂತು ಕೇಳಿದ. ನಿಲ್ಲಿಸೆಂದು ಅಂದು ಅತ್ತವಳು, ಕೇಳಲಾಗದೆ ಒದ್ದಾಡಿದವಳು, ಇಂದು ತಾನೇ ಬಂದು ಅವನ ಮಗಳಿಗಾಗಿ ಹಗ್ಗಕ್ಕೆ ಜೋತುಬಿದ್ದು ಎಳೆಯುತ್ತಿದ್ದಾಳೆ. ಅವನಿಗೆ ನಾಚಿಕೆಯಾಯಿತು.

ಬಿಳಿಯ ವಸ್ತ್ರ ತೊಟ್ಟ ಸ್ವಾಮಿಗಳು ಗುಂಡಿಯ ತಲೆಯ ಕಡೆ ನಿಂತು ಸ್ತುತಿಗೀತೆ ಆರಂಭಿಸಿದರು. ದನಿ ಒಡೆದಿತ್ತು, ಊರು ಅದಕ್ಕೆ ದನಿಗೂಡಿಸಿತು. ಪೆಟ್ಟಿಗೆ ಗುಂಡಿಗಿಳಿಯಿತು. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಚಿಕ್ಕ ಗಂಟೆ ನಿಂತಿತು. ದೊಡ್ಡದು ಇನ್ನೆರಡು ಪೆಟ್ಟು ಹೊಡೆದು ಅದೂ ನಿಂತಿತು. ಹೆಂಗಸರ ಕೈ ಸೋತಿತ್ತು.

ಸ್ವಾಮಿಗಳು ಹಾಡನ್ನು ನಿಲ್ಲಿಸಿದರು. ಅವರು ಮಣ್ಣೂ ಹಾಕಲಿಲ್ಲ, ಯಾರನ್ನೂ ಕರೆಯಲಿಲ್ಲ. ತಲೆ ತಗ್ಗಿಸಿ ಕಾದರು. "ಮುಂದುವರಿಸಿ ಸ್ವಾಮಿ, ಬಿಸಿಲು ಸುಡ್ತಾ ಐತೆ" ಎಂದು ದೇವಸಹಾಯಪ್ಪ ಪಿಸುಗುಟ್ಟಿದ. ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ಜನ ಕಾದರು. ಲೂರ್ದಮ್ಮ ತಲೆಯೆತ್ತಿ ಗಂಡನನ್ನು ನೋಡಿದಳು. ಮಗಳು ಯಾವ ಗಂಟೆಯಲ್ಲಿ ಹೋಗಬೇಕೆಂಬುದು ಈಗ ಅವನೊಬ್ಬನ ಕೈಯಲ್ಲಿತ್ತು, ಇದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಅವನು ಗುಂಡಿಯ ಅಂಚಿನಿಂದ ಹಿಂದೆ ಸರಿದು ಗೋಪುರದತ್ತ ನಡೆದ. ಒಳಗೆ ಸೆಸಿಲಿಯಮ್ಮ ಗೋಡೆಗೊರಗಿ ಕುಳಿತಿದ್ದಳು. ಹಗ್ಗ ಉಜ್ಜಿ ಅವಳ ಅಂಗೈ ಸುಲಿದಿತ್ತು.

"ಅವತ್ತು ನಿನಗೆ ಅಳಬಾರದು ಅಂದುಬಿಟ್ಟೆ ಕಣಮ್ಮ" ಎಂದ ಮಿಕ್ಕೇಲಪ್ಪ.

"ಆಮೇಲೆ ಹೇಳುವಂತೆ. ಹಗ್ಗ ಹಿಡಿ ಅಣ್ಣ, ಮಗು ಕಾಯ್ತಾ ಅದೆ."

ಅವನು ಎರಡು ಹಗ್ಗಗಳನ್ನೂ ಹಿಡಿದ. ಆ ಹೊತ್ತಿನಲ್ಲಿ ಅವನ ದುಃಖ ಗುಲಗಂಜಿಯಷ್ಟೂ ಇಳಿಯಲಿಲ್ಲ, ಇಳಿಯಿತೆಂದು ಬರೆದರೆ ನಾವು ಸುಳ್ಳು ಬರೆದಂತೆ. ಯಾರ ಮೇಲೆ ಸಿಟ್ಟು ಕುದಿಯುತ್ತಿತ್ತೋ ಅವನ ಕೈಗೇ ಮಗಳನ್ನು ಕೊಡಬೇಕಾಗಿತ್ತು, ಕೊಡುವುದಕ್ಕೆ ಬೇರೆ ಕೈ ಇರಲಿಲ್ಲ. ಬೇರೆ ಯಾವ ಕೈಗೆ ಕೊಟ್ಟರೂ ಅವಳು ಬರಿಯ ಮಣ್ಣಾಗುತ್ತಿದ್ದಳು. ಇಷ್ಟು ಅವನಿಗೆ ತಿಳಿಯಿತು. ಬೆಳಗಿನಿಂದ ಬಾರದಿದ್ದ ಅಳು ಕಿತ್ತುಕೊಂಡು ಬಂತು. ಅಳುತ್ತಲೇ ಹಗ್ಗ ಎಳೆದ, ಸ್ತೋತ್ರ ಸ್ತೋತ್ರ ಎಂದು ಬಿಕ್ಕುತ್ತಲೇ ಎಳೆದ. ಹೊರಗೆ ಸ್ವಾಮಿಗಳು ನಿಲ್ಲಿಸಿದ ಸಾಲಿನಿಂದಲೇ ಹಾಡನ್ನು ಮತ್ತೆ ಎತ್ತಿಕೊಂಡರು. ಲೂರ್ದಮ್ಮ ಮೊದಲ ಹಿಡಿ ಮಣ್ಣು ಹಾಕಿದಳು.

ಜ್ವರ ಅಷ್ಟಕ್ಕೇ ಊರು ಬಿಡಲಿಲ್ಲ. ಹನ್ನೆರಡು ದಿನ ಕಳೆದ ಮೇಲೆ ಕಂಬಳಿ ನೇಯುವ ಅಂತೋಣಿಯ ಗಂಡುಕೂಸು ಹೋಯಿತು. ಆ ಬೆಳಿಗ್ಗೆ ಮಿಕ್ಕೇಲಪ್ಪ ಗೋಪುರದ ಬಾಗಿಲು ತೆರೆಯಲಿಲ್ಲ. ಮೊದಲು ಅಂತೋಣಿಯ ಮನೆಗೆ ಹೋಗಿ, ಜಗಲಿಯ ಮೇಲೆ ಅವನ ಪಕ್ಕದಲ್ಲಿ ಕುಳಿತ. ದೇವದೂತರ ಮಾತಿಲ್ಲ, ಉಪದೇಶವಿಲ್ಲ. ಬಹಳ ಹೊತ್ತಾದ ಮೇಲೆ ಕೇಳಿದ:

"ಬಾರಿಸಲಾ ಅಂತೋಣಿ?"

ಅಂತೋಣಿ ತಲೆಯಾಡಿಸಿ ಬೇಡವೆಂದ. ಮಿಕ್ಕೇಲಪ್ಪ ಎದ್ದು ಹೋಗಲಿಲ್ಲ. ಲಾಜರ ಸ್ವಾಮಿಗಳು ಪೆಟ್ಟಿಗೆಯೊಡನೆ ಬಂದರು, ಇಬ್ಬರನ್ನೂ ನೋಡಿದರು, ಅವರ ಕೆಳಗೆ ನೆಲದ ಮೇಲೆ ಕುಳಿತರು. ಬಿಸಿಲು ಜಗಲಿ ಹತ್ತಿ ಮೂವರ ಕಾಲನ್ನೂ ದಾಟಿತು. ಊರು ಗಂಟೆಗಾಗಿ ಕಿವಿಗೊಟ್ಟು ಕಾಯುತ್ತಿತ್ತು.

ಕೊನೆಗೆ ಅಂತೋಣಿ ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡು, "ನನ್ನ ಕೈಗೂ ಒಂದು ಹಗ್ಗ ಕೊಡ್ತೀಯಾ ಅಣ್ಣ?" ಎಂದು ಕೇಳಿದ.